ವಕೀಲಿಕೆಯ ಹೊಸ್ತಿಲು: ಕಾನೂನು ಶಾಲೆಯ ಪ್ರವೇಶ ಪರೀಕ್ಷೆ ಮತ್ತು ಅದರ ತಯಾರಿಯ ಚರಿತ್ರೆ

ಭಾರತದಲ್ಲಿ ವಕೀಲಿ ವೃತ್ತಿಗೂ ಪರೀಕ್ಷೆಗೂ ಇರುವ ನಂಟು ಎರಡು ಶತಮಾನಗಳಷ್ಟು ಹಳೆಯದಾದರೂ, ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಕಾನೂನು ಓದಲು ಸೇರುವುದಕ್ಕೇ ಒಂದು ಅಖಿಲ ಭಾರತ ಮಟ್ಟದ ಪರೀಕ್ಷೆ, ಅದಕ್ಕಾಗಿ ಒಂದೆರಡು ವರ್ಷಗಳ ತಯಾರಿ, ಆ ತಯಾರಿಯನ್ನೇ ನೆಚ್ಚಿಕೊಂಡ ತರಬೇತಿ ಕೇಂದ್ರಗಳು, ಇವೆಲ್ಲ ಕಳೆದ ನಾಲ್ಕು ದಶಕಗಳ ಒಳಗಿನ ಬೆಳವಣಿಗೆಗಳು. ಇವುಗಳ ಆರಂಭ ಬೆಂಗಳೂರಿನಲ್ಲಾಯಿತು ಎಂಬುದು ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ಹೆಮ್ಮೆಯಿಂದ ದಾಖಲಾಗಬೇಕಾದ ಸಂಗತಿ. ಆ ಪರೀಕ್ಷೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂದಿಗೂ ದೂರವೇ ಉಳಿದಿದೆ ಎಂಬುದೂ ಅಷ್ಟೇ ಸ್ಪಷ್ಟವಾಗಿ ದಾಖಲಾಗಬೇಕು.

ಹಿಂದಿನ ವ್ಯವಸ್ಥೆಯಲ್ಲಿ ಪರೀಕ್ಷೆ ಓದಿನ ಕೊನೆಯಲ್ಲಿತ್ತು. ಕಾರ್ನ್‌ವಾಲಿಸನ ಆಡಳಿತದಲ್ಲಿ ಜಾರಿಗೆ ಬಂದ 1793ರ ಬಂಗಾಳದ ಏಳನೆಯ ರೆಗ್ಯುಲೇಷನ್, ಕಂಪನಿಯ ನ್ಯಾಯಾಲಯಗಳಲ್ಲಿ ವಾದಿಸುವ ವಕೀಲರಿಗೆ ಸನದು, ಅಂದರೆ ವೃತ್ತಿ ನಡೆಸಲು ಅಧಿಕೃತ ಅನುಮತಿ ಪತ್ರ, ಕೊಡುವ ಪದ್ಧತಿಯನ್ನು ಕ್ರಮಬದ್ಧಗೊಳಿಸಿತು. 1846ರ ಕಾಯಿದೆ ಜಾತಿ ಮತಗಳ ನಿರ್ಬಂಧವಿಲ್ಲದೆ ಅರ್ಹರೆಲ್ಲರಿಗೂ ಆ ವೃತ್ತಿಯನ್ನು ತೆರೆಯಿತು. 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯಿದೆಯು ಪ್ಲೀಡರುಗಳು ಮತ್ತು ಮುಖ್ತ್ಯಾರರು, ಎಂದರೆ ಕೆಳ ಹಂತದ ನ್ಯಾಯಾಲಯಗಳಲ್ಲಿ ಕಕ್ಷಿದಾರರ ಪರವಾಗಿ ವ್ಯವಹರಿಸುತ್ತಿದ್ದವರು, ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು ಎಂಬುದರ ನಿಯಮಗಳನ್ನು ರೂಪಿಸುವ ಅಧಿಕಾರವನ್ನು ಹೈಕೋರ್ಟುಗಳಿಗೆ ಕೊಟ್ಟಿತು. ಈ ಪರೀಕ್ಷೆಗಳೆಲ್ಲ ಅಭ್ಯರ್ಥಿಗೆ ಕಾನೂನು ಎಷ್ಟು ಗೊತ್ತಿದೆ ಎಂಬುದನ್ನು ಅಳೆಯುತ್ತಿದ್ದವು. 1860ರ ದಂಡಸಂಹಿತೆ, 1872ರ ಸಾಕ್ಷ್ಯ ಕಾಯಿದೆ, ಅದೇ ವರ್ಷದ ಕರಾರು ಕಾಯಿದೆ ಮೊದಲಾದವುಗಳ ಕಲಮುಗಳನ್ನು ಬಾಯಿಪಾಠ ಮಾಡಿ, ಹಿರಿಯ ವಕೀಲರ ಕಚೇರಿಯಲ್ಲಿ ದಾವೆ ಅರ್ಜಿಗಳನ್ನು ಬರೆದು ಕಲಿಯುವುದೇ ಆಗಿನ ತಯಾರಿ.

ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಆಗ ಎದುರಾಗುತ್ತಿದ್ದ ತೊಡಕು ಅಂಕಗಳದಲ್ಲ, ದೂರದ್ದು. ಮೈಸೂರು ಸಂಸ್ಥಾನದಲ್ಲಿ 1884ರಿಂದಲೇ ಚೀಫ್ ಕೋರ್ಟ್ ಇದ್ದರೂ ಬೆಂಗಳೂರಿಗೆ ಸರ್ಕಾರಿ ಕಾನೂನು ಕಾಲೇಜು ಬಂದದ್ದು 1948ರಲ್ಲಿ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು ಆರಂಭವಾದದ್ದು 1939ರಲ್ಲಿ. ಅಲ್ಲಿಯವರೆಗೆ ಹಳೆಯ ಮೈಸೂರಿನವರು ಮದರಾಸಿಗೋ ಪುಣೆಗೋ, ಧಾರವಾಡ ಸೀಮೆಯವರು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪ ಮತ್ತು ಕೆಂಗಲ್ ಹನುಮಂತಯ್ಯ ಇಬ್ಬರೂ ಕಾನೂನು ಪದವಿಯನ್ನು ಪುಣೆಯಲ್ಲೇ ಪಡೆದವರು. ಕರ್ನಾಟಕ ಏಕೀಕರಣದ ಮುಂದಾಳು ಆಲೂರ ವೆಂಕಟರಾಯರು ಮುಂಬಯಿಯಲ್ಲಿ ಓದಿ ಧಾರವಾಡದಲ್ಲಿ ವಕೀಲಿ ನಡೆಸಿದರು. ಪದವೀಧರನಾದವನು ಊರು ಬಿಟ್ಟು ಹೋಗಿ ಬಿಡಾರ ಹೂಡಿ ಓದುವಷ್ಟು ಹಣ ಹೊಂದಿಸಿಕೊಂಡರೆ ಸಾಕಾಗಿತ್ತೇ ಹೊರತು, ಕಾನೂನು ಕಲಿಯುವ ಯೋಗ್ಯತೆ ಅವನಿಗಿದೆಯೇ ಎಂದು ಕಾಲೇಜಿನ ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷಿಸುವ ಪದ್ಧತಿ ಇರಲಿಲ್ಲ.

ಸ್ವಾತಂತ್ರ್ಯಾನಂತರ ಕಾಲೇಜುಗಳು ಹೆಚ್ಚಿದವು, ಆದರೆ ಓದಿನ ಗುಣಮಟ್ಟ ಅದೇ ವೇಗದಲ್ಲಿ ಕುಸಿಯಿತು. ಬೇರೆ ಕೆಲಸ ಮಾಡುತ್ತ ಬೆಳಗಿನ ಅಥವಾ ಸಂಜೆಯ ತರಗತಿಗಳಿಗೆ ಹೆಸರು ಹಚ್ಚಿಸಿ ಪದವಿ ಪಡೆಯುವವರ ಸಂಖ್ಯೆ ದೊಡ್ಡದಾಗಿ, ಇನ್ನಾವ ದಾರಿಯೂ ಕಾಣದವರು ಹಿಡಿಯುವ ಓದು ಎಂಬ ಹೆಸರು ಕಾನೂನಿಗೆ ಅಂಟಿಕೊಂಡಿತು. 1961ರ ವಕೀಲರ ಕಾಯಿದೆಯ ಪ್ರಕಾರ ಕಾನೂನು ಶಿಕ್ಷಣದ ಮಟ್ಟವನ್ನು ಕಾಯುವ ಹೊಣೆ ಹೊತ್ತಿದ್ದ ಭಾರತೀಯ ವಕೀಲರ ಪರಿಷತ್ತು 1980ರ ದಶಕದ ಆರಂಭದಲ್ಲಿ, ಹನ್ನೆರಡನೆಯ ತರಗತಿಯಾದ ಕೂಡಲೇ ಸೇರಬಹುದಾದ ಐದು ವರ್ಷಗಳ ಸಂಯುಕ್ತ ಪದವಿಯನ್ನು ಯೋಜಿಸಿ, ಅದಕ್ಕೆ ಮಾದರಿಯಾಗುವಂಥ ಒಂದು ಸಂಸ್ಥೆಯನ್ನು ಕಟ್ಟಲು ಮುಂದಾಯಿತು. ಕರ್ನಾಟಕ ವಿಧಾನಮಂಡಲದ 1986ರ ಕಾಯಿದೆಯಿಂದ ರೂಪುಗೊಂಡ ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ಯೂನಿವರ್ಸಿಟಿ ಎನ್. ಆರ್. ಮಾಧವ ಮೆನನ್ ಅವರ ನಿರ್ದೇಶನದಲ್ಲಿ, 1988ರ ಜುಲೈನಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ತನ್ನ ಮೊದಲ ತಂಡಕ್ಕೆ ಪಾಠ ಆರಂಭಿಸಿತು. ಕೆಲವು ವರ್ಷಗಳ ನಂತರ ನಾಗರಬಾವಿಯ ಸ್ವಂತ ನೆಲೆಗೆ ಹೋಯಿತು.

ಪ್ರವೇಶ ಪರೀಕ್ಷೆ ಅನಿವಾರ್ಯವಾದದ್ದು ಇಲ್ಲಿ. ಸೀಟುಗಳು ಹಲವು ವರ್ಷಗಳ ಕಾಲ ಎಂಬತ್ತರ ಆಸುಪಾಸಿನಲ್ಲಿದ್ದವು, ಅರ್ಜಿ ಹಾಕುವವರು ದೇಶದ ಎಲ್ಲ ಭಾಗಗಳಿಂದ ಬರುತ್ತಿದ್ದರು, ಒಂದು ರಾಜ್ಯದ ಮಂಡಳಿಯ ಅಂಕಗಳನ್ನು ಇನ್ನೊಂದರ ಅಂಕಗಳೊಂದಿಗೆ ಹೋಲಿಸುವುದು ಸಾಧ್ಯವಿರಲಿಲ್ಲ. ಇದಕ್ಕಿಂತ ಕುತೂಹಲದ ತೊಡಕು ಇನ್ನೊಂದಿತ್ತು: ಶಾಲೆಯಲ್ಲಾಗಲಿ ಪಿಯುಸಿಯಲ್ಲಾಗಲಿ ಕಾನೂನನ್ನು ಕಲಿಯದ ಮಕ್ಕಳನ್ನು ಕಾನೂನಿನಲ್ಲಿ ಪರೀಕ್ಷಿಸುವುದು ಹೇಗೆ? ಅಮೆರಿಕದ ಕಾನೂನು ಶಾಲೆಗಳು ಇದೇ ತೊಡಕಿಗೆ 1948ರಲ್ಲಿ ಎಲ್‌ಸ್ಯಾಟ್ ಎಂಬ ಪರೀಕ್ಷೆಯ ಮೂಲಕ ಉತ್ತರ ಹುಡುಕಿದ್ದವು. ಅದು ಕಾನೂನಿನ ಅರಿವನ್ನು ಬದಿಗಿಟ್ಟು ಓದಿನ ಗ್ರಹಿಕೆಯನ್ನೂ ತರ್ಕವನ್ನೂ ಅಳೆಯುವ ಪರೀಕ್ಷೆ. ಭಾರತದಲ್ಲಿ ತರ್ಕ ಮತ್ತು ಭಾಷೆಯ ಜೊತೆಗೆ ತತ್ತ್ವವನ್ನು ಸಂಗತಿಗೆ ಅನ್ವಯಿಸುವ ಬಗೆಯ ಪ್ರಶ್ನೆ ನೆಲೆಗೊಂಡಿತು. ಕಾನೂನಿನ ಒಂದು ತತ್ತ್ವವನ್ನು ಪ್ರಶ್ನೆಪತ್ರಿಕೆಯೇ ತಿಳಿಸಿ, ಕೆಳಗೆ ಒಂದು ಘಟನೆಯನ್ನು ಕೊಟ್ಟು, ಆ ತತ್ತ್ವವನ್ನು ಆ ಘಟನೆಗೆ ಹೊಂದಿಸಿದರೆ ಬರುವ ತೀರ್ಮಾನ ಯಾವುದೆಂದು ಕೇಳುವ ಕ್ರಮ ಇದು.

ಈ ಬಗೆಯ ಪ್ರಶ್ನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ತಯಾರಿಯ ತಿರುಳು ಅದರಲ್ಲಿದೆ. ತನ್ನ ಜಮೀನಿನಲ್ಲಿ ಸಹಜವಲ್ಲದ ಉದ್ದೇಶಕ್ಕಾಗಿ ಅಪಾಯಕಾರಿ ವಸ್ತುವನ್ನು ತಂದು ಕೂಡಿಟ್ಟವನು, ಅದು ಹೊರಗೆ ನುಗ್ಗಿ ಬೇರೆಯವರಿಗೆ ಹಾನಿ ಮಾಡಿದರೆ, ತನ್ನ ಕಡೆಯಿಂದ ಯಾವ ಅಜಾಗ್ರತೆ ಇಲ್ಲದಿದ್ದರೂ ನಷ್ಟ ತುಂಬಿಕೊಡಬೇಕು ಎಂಬುದು ಇಂಗ್ಲೆಂಡಿನಲ್ಲಿ 1868ರಲ್ಲಿ ಇತ್ಯರ್ಥವಾದ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯ ತತ್ತ್ವ. ತೋಟದ ಮಾಲೀಕನೊಬ್ಬ ನುರಿತ ಇಂಜಿನಿಯರುಗಳಿಂದಲೇ ಕಾರ್ಖಾನೆಗೆಂದು ದೊಡ್ಡ ನೀರಿನ ಕಟ್ಟೆಯನ್ನು ಕಟ್ಟಿಸುತ್ತಾನೆ, ಕಟ್ಟೆ ಒಡೆದು ಪಕ್ಕದವನ ಬೆಳೆ ಕೊಚ್ಚಿಹೋಗುತ್ತದೆ ಎಂದು ಪ್ರಶ್ನೆ ಹೇಳುತ್ತದೆ ಎಂದುಕೊಳ್ಳೋಣ. ಮಾಲೀಕ ಎಲ್ಲ ಎಚ್ಚರಿಕೆಯನ್ನೂ ವಹಿಸಿದ್ದನಲ್ಲ, ಅವನದೇನು ತಪ್ಪು ಎಂದು ಲೋಕಾನುಭವ ಹೇಳುತ್ತದೆ. ಕೊಟ್ಟಿರುವ ತತ್ತ್ವವು ಎಚ್ಚರಿಕೆಯ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅವನು ಹೊಣೆಗಾರ ಎಂಬುದೇ ಸರಿಯುತ್ತರ. ತನ್ನ ಮನಸ್ಸಿನ ನ್ಯಾಯವನ್ನು ತುಸು ಹೊತ್ತು ತಡೆಹಿಡಿದು ಎದುರಿಗಿರುವ ನಿಯಮವನ್ನಷ್ಟೇ ಅನುಸರಿಸುವ ಶಿಸ್ತನ್ನು ಈ ಪ್ರಶ್ನೆ ಹುಡುಕುತ್ತದೆ. ವಕೀಲನಿಗೂ ನ್ಯಾಯಾಧೀಶನಿಗೂ ದಿನನಿತ್ಯ ಬೇಕಾಗುವ ಶಿಸ್ತು ಇದೇ ಆದ್ದರಿಂದ, ಪ್ರವೇಶ ಪರೀಕ್ಷೆಯ ಚರಿತ್ರೆಯಲ್ಲಿ ಇದಕ್ಕಿಂತ ಸಾರ್ಥಕವಾದ ಪ್ರಶ್ನೆಯ ರೂಪ ಇನ್ನೊಂದಿಲ್ಲ.

1990ರ ದಶಕದ ಕೊನೆಯಿಂದ ಹೈದರಾಬಾದ್, ಭೋಪಾಲ್, ಕೋಲ್ಕತ್ತ, ಜೋಧಪುರಗಳಲ್ಲಿ ಬೆಂಗಳೂರಿನ ಮಾದರಿಯ ವಿಶ್ವವಿದ್ಯಾಲಯಗಳು ತೆರೆದವು, ಮತ್ತು ಪ್ರತಿಯೊಂದೂ ತನ್ನದೇ ಪರೀಕ್ಷೆಯನ್ನು ನಡೆಸಿತು. ಒಂದು ಕಡೆ ಪ್ರಬಂಧ ಬರೆಯಿಸುತ್ತಿದ್ದರೆ ಇನ್ನೊಂದು ಕಡೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವ ಪ್ರಶ್ನೆಗಳಿಗೇ ಒತ್ತು. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಊರಿಗೆ ಪ್ರಯಾಣ, ಕೆಲವೊಮ್ಮೆ ಒಂದರ ಮೇಲೊಂದು ಬೀಳುವ ದಿನಾಂಕಗಳು. ವರುಣ್ ಭಗತ್ ಎಂಬ ಅರ್ಜಿದಾರರ ಹೆಸರಿನಲ್ಲಿ ಈ ದೂರು 2006ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಬಳಿಕ ಏಳು ವಿಶ್ವವಿದ್ಯಾಲಯಗಳು 2007ರ ನವೆಂಬರಿನಲ್ಲಿ ಒಡಂಬಡಿಕೆ ಮಾಡಿಕೊಂಡು, ಕ್ಲಾಟ್ ಎಂದೇ ಹೆಸರಾದ ಸಾಮಾನ್ಯ ಕಾನೂನು ಪ್ರವೇಶ ಪರೀಕ್ಷೆಯನ್ನು 2008ರ ಮೇ 11ರಂದು ಮೊದಲ ಬಾರಿಗೆ ನಡೆಸಿದವು. ಅದರ ಹೊಣೆ ಹೊತ್ತದ್ದು ಬೆಂಗಳೂರಿನ ಸಂಸ್ಥೆ.

ಅಭ್ಯರ್ಥಿಯ ಅಲೆದಾಟ ತಪ್ಪಿತು, ನಿಜ. ಆದರೆ ಪರೀಕ್ಷೆ ಒಂದಾದ ಮೇಲೆ ಅದರ ಅಚ್ಚೂ ಒಂದಾಯಿತು, ಮತ್ತು ಅಚ್ಚು ಸ್ಥಿರವಾದಲ್ಲಿ ತರಬೇತಿಯ ಮಾರುಕಟ್ಟೆ ಬೆಳೆಯುವುದು ಸಹಜ. ಬಹುಕಾಲ ರೂಢಿಯಲ್ಲಿದ್ದ ಕ್ರಮದಲ್ಲಿ ಎರಡು ಗಂಟೆಗಳಲ್ಲಿ 200 ಪ್ರಶ್ನೆಗಳು: ಇಂಗ್ಲಿಷಿಗೆ 40, ಸಾಮಾನ್ಯ ಜ್ಞಾನಕ್ಕೆ 50, ಗಣಿತಕ್ಕೆ 20, ಕಾನೂನು ಅಭಿರುಚಿಗೆ 50, ತರ್ಕಕ್ಕೆ 40. ಒಂದು ಪ್ರಶ್ನೆಗೆ ಸರಾಸರಿ 36 ಸೆಕೆಂಡು ಸಿಗುವ ಇಂಥ ಪತ್ರಿಕೆ ವೇಗವನ್ನೂ ನೆನಪನ್ನೂ ಮೆಚ್ಚುತ್ತಿತ್ತೇ ವಿನಾ ನಿಧಾನವಾದ ಚಿಂತನೆಯನ್ನಲ್ಲ. ಮನೋರಮಾ ಇಯರ್‌ಬುಕ್, ನಾರ್ಮನ್ ಲೂಯಿಸನ ವರ್ಡ್ ಪವರ್ ಮೇಡ್ ಈಸಿ, ಆರ್. ಎಸ್. ಅಗರ್‌ವಾಲರ ತರ್ಕದ ಪುಸ್ತಕ, ದಿನಾ ಒಂದು ಇಂಗ್ಲಿಷ್ ಪತ್ರಿಕೆ, ವಾರಕ್ಕೊಂದು ಮಾಕ್ ಟೆಸ್ಟ್, ಎಂದರೆ ಗಡಿಯಾರ ಇಟ್ಟುಕೊಂಡು ಬರೆಯುವ ಅಣಕು ಪರೀಕ್ಷೆ, ಇವು ಆ ಕಾಲದ ಅಭ್ಯರ್ಥಿಯ ಮೇಜಿನ ಪರಿಚಿತ ಸಾಮಗ್ರಿ.

ಪರೀಕ್ಷೆಯ ನಿರ್ವಹಣೆ ಮಾತ್ರ ಬಹಳ ವರ್ಷ ಹದಕ್ಕೆ ಬರಲಿಲ್ಲ. ಸ್ಥಾಪನೆಯಾದ ವರ್ಷದ ಹಿರಿತನದ ಪ್ರಕಾರ ಪ್ರತಿವರ್ಷ ಒಂದೊಂದು ವಿಶ್ವವಿದ್ಯಾಲಯ ಸರದಿಯಂತೆ ಪರೀಕ್ಷೆ ನಡೆಸುತ್ತಿದ್ದುದರಿಂದ, ಒಬ್ಬರು ಪಟ್ಟ ಪಾಡು ಮತ್ತೊಬ್ಬರಿಗೆ ಪಾಠವಾಗುತ್ತಿರಲಿಲ್ಲ. 2015ರಲ್ಲಿ ಪರೀಕ್ಷೆಯನ್ನು ಕಂಪ್ಯೂಟರಿಗೆ ಒಯ್ಯಲಾಯಿತು. 2018ರಲ್ಲಿ ಹಲವು ಕೇಂದ್ರಗಳಲ್ಲಿ ಯಂತ್ರಗಳು ಕೈಕೊಟ್ಟು, ಕಳೆದುಹೋದ ಸಮಯಕ್ಕೆ ಪರಿಹಾರವಾಗಿ ಅಂಕಗಳನ್ನು ಮರುಲೆಕ್ಕಿಸುವ ಸೂತ್ರಕ್ಕಾಗಿ ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2019ರಲ್ಲಿ ಮತ್ತೆ ಕಾಗದ ಮತ್ತು ಪೆನ್ನು ಬಂದವು. ಈ ಅವ್ಯವಸ್ಥೆಯ ವಿರುದ್ಧ 2015ರಲ್ಲಿಯೇ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ ಕಾಯಂ ಸಂಸ್ಥೆಯೊಂದನ್ನು ಕೇಳಿದವರು ನಾಗರಬಾವಿಯಲ್ಲೇ ಓದಿದ್ದ ಪ್ರಾಧ್ಯಾಪಕ ಶಮ್ನಾದ್ ಬಷೀರ್. 2017ರಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ಬೆಂಗಳೂರಿನಲ್ಲಿ ನೆಲೆಗೊಂಡಿತು.

ಒಕ್ಕೂಟ 2020ರಲ್ಲಿ ಮಾಡಿದ ಬದಲಾವಣೆ ತಯಾರಿಯ ಸ್ವರೂಪವನ್ನೇ ತಿರುಗಿಸಿತು. ಪ್ರಶ್ನೆಗಳು 150ಕ್ಕೆ ಇಳಿದವು, ಎಲ್ಲ ವಿಭಾಗಗಳಲ್ಲೂ ಉದ್ದನೆಯ ಗದ್ಯಭಾಗಗಳು ಬಂದು ಅವನ್ನು ಓದಿ ಅರ್ಥ ಮಾಡಿಕೊಂಡೇ ಉತ್ತರಿಸಬೇಕಾಯಿತು. 2023ರ ಡಿಸೆಂಬರಿನಲ್ಲಿ ನಡೆದ ಪರೀಕ್ಷೆಯಿಂದ ಪ್ರಶ್ನೆಗಳ ಸಂಖ್ಯೆ 120 ಆಯಿತು. ಇಸವಿ, ಹೆಸರುಗಳ ಗಿಳಿಪಾಠಕ್ಕಿದ್ದ ಬೆಲೆ ಕುಗ್ಗಿದ್ದು ಒಳ್ಳೆಯದೇ. ಅದೇ ಹೊತ್ತಿಗೆ ಇಂಗ್ಲಿಷಿನಲ್ಲಿ ವೇಗವಾಗಿ ಓದುವ ಅಭ್ಯಾಸ ಎಲ್ಲಕ್ಕಿಂತ ದೊಡ್ಡ ಬಂಡವಾಳವಾಯಿತು, ಮತ್ತು ಆ ಅಭ್ಯಾಸ ಮನೆಯಲ್ಲಿ, ಎಳೆಯ ವಯಸ್ಸಿನಲ್ಲಿ ಬರುವಂಥದ್ದೇ ಹೊರತು ಆರು ತಿಂಗಳ ಕೋಚಿಂಗಿನಲ್ಲಿ ಕೈಗೆ ಬರುವಂಥದ್ದಲ್ಲ. 2020ರಲ್ಲೇ ಕೋವಿಡ್ ಕಾರಣದಿಂದ ಕ್ಲಾಟ್ ಮುಂದೂಡುತ್ತ ಹೋದಾಗ, ಬೆಂಗಳೂರಿನ ಸಂಸ್ಥೆ ತಾನೇ ಬೇರೆಯಾಗಿ, ಕೆಲವೇ ದಿನಗಳ ಮುನ್ಸೂಚನೆಯಲ್ಲಿ, ಮನೆಯಿಂದಲೇ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಯನ್ನು ಸೆಪ್ಟೆಂಬರ್ 12ರಂದು ನಡೆಸಿತು. ಇದು ನ್ಯಾಯೋಚಿತವಲ್ಲವೆಂದು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 21ರಂದು ಅದನ್ನು ರದ್ದುಪಡಿಸಿ ಕ್ಲಾಟ್ ಮೂಲಕವೇ ಪ್ರವೇಶ ಕೊಡುವಂತೆ ಆದೇಶಿಸಿತು. ಸ್ವಂತ ಲ್ಯಾಪ್‌ಟಾಪೂ ಕಡಿಯದ ಇಂಟರ್‌ನೆಟ್ಟೂ ಇಲ್ಲದ ಹಳ್ಳಿಯ ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಆ ತೀರ್ಪು ಸರಿಯಾದ ತೀರ್ಪು.

ಬೆಂಗಳೂರಿನ ಸಂಸ್ಥೆಯ ಸೀಟುಗಳಲ್ಲಿ ಕರ್ನಾಟಕದ ಮಕ್ಕಳ ಪಾಲು ಎಷ್ಟು ಎಂಬ ಪ್ರಶ್ನೆಯೂ 2020ರಲ್ಲೇ ನ್ಯಾಯಾಲಯದ ಮೆಟ್ಟಿಲೇರಿತು. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ. 25ರಷ್ಟು ಸೀಟುಗಳನ್ನು ಮೀಸಲಿಡುವ ತಿದ್ದುಪಡಿ ಕಾಯಿದೆಯನ್ನು ವಿಧಾನಮಂಡಲ ಮಾಡಿದರೂ ರಾಜ್ಯ ಹೈಕೋರ್ಟ್ ಸೆಪ್ಟೆಂಬರಿನಲ್ಲಿ ಅದನ್ನು ಅಸಿಂಧುಗೊಳಿಸಿತು. ಮರುವರ್ಷ ಸಂಸ್ಥೆಯೇ ತನ್ನ ಯೋಜನೆಯ ಭಾಗವಾಗಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಅಷ್ಟೇ ಪ್ರಮಾಣದ ಅವಕಾಶವನ್ನು ಒದಗಿಸಿತು. ಆದರೆ ಹತ್ತು ವರ್ಷ ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವರೂ ಹತ್ತು ವರ್ಷ ಸುರಪುರದ ಸರ್ಕಾರಿ ಶಾಲೆಯಲ್ಲಿ ಓದಿದವರೂ ಈ ನಿಯಮಕ್ಕೆ ಒಂದೇ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ ಇಬ್ಬರಲ್ಲಿ ಯಾರಿಗೆ ಸೀಟು ಸಿಗುತ್ತದೆ ಎಂಬುದು ಊಹಿಸಲು ಕಷ್ಟವಲ್ಲ. ಮೇ ತಿಂಗಳಿನಲ್ಲಿ, ಪಿಯುಸಿ ಪರೀಕ್ಷೆ ಮುಗಿದ ಮೇಲೆ ಬರುತ್ತಿದ್ದ ಕ್ಲಾಟ್ 2022ರಿಂದ ಡಿಸೆಂಬರಿಗೆ ಸರಿದಿರುವುದರಿಂದ, ಪಾಠಗಳು ಮುಗಿಯುವ ಮೊದಲೇ ತಯಾರಿ ಮುಗಿದಿರಬೇಕು. ಅರ್ಜಿಯ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಬಡ ಮತ್ತು ಅಂಚಿನ ಸಮುದಾಯಗಳ ಮಕ್ಕಳನ್ನು ಹುಡುಕಿ ಉಚಿತವಾಗಿ ತರಬೇತಿ ಕೊಡಲು ಬಷೀರ್ ಅವರು 2010ರಲ್ಲಿ ಆರಂಭಿಸಿದ ಇಡಿಯಾ ಎಂಬ ಸಂಸ್ಥೆ, ಕಾನೂನು ಶಾಲೆಗಳ ವಿದ್ಯಾರ್ಥಿಗಳನ್ನೇ ಸ್ವಯಂಸೇವಕರನ್ನಾಗಿ ಮಾಡಿಕೊಂಡು, ಈ ಕಂದಕವನ್ನು ಕಿರಿದಾಗಿಸಲು ದುಡಿಯುತ್ತ ಬಂದಿದೆ. ಇದರ ಕೆಲಸ ದೊಡ್ಡದು, ಆದರೆ ಒಂದು ಸ್ವಯಂಸೇವಾ ಸಂಸ್ಥೆ ಸರ್ಕಾರದ ಹೊಣೆಯನ್ನು ಪೂರ್ತಿ ಹೊರಲಾರದು.

ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದು. ಕಾನೂನು ಪದವಿ ಮುಗಿಸಿದವರು ವಕೀಲಿ ನಡೆಸಲು ಬರೆಯಲೇಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಗೂ ಕನ್ನಡದ ಆಯ್ಕೆ ಇದೆ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಸಾಕ್ಷಿ ನುಡಿಯುವವರು, ಅರ್ಜಿ ಕೊಡುವವರು ಬಹುಪಾಲು ಕನ್ನಡದವರು. ಕಾನೂನು ಶಾಲೆಯ ಒಳಗೆ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂಬ ಸಮಾಧಾನ ಪೂರ್ತಿ ಒಪ್ಪತಕ್ಕದ್ದಲ್ಲ, ಏಕೆಂದರೆ ಐದು ವರ್ಷಗಳ ಓದಿನಲ್ಲಿ ಭಾಷೆಯನ್ನು ಗಟ್ಟಿಗೊಳಿಸಿಕೊಳ್ಳಲು ಸಮಯವಿದೆ, ತರ್ಕದ ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಕೇಳಿ ತರ್ಕವನ್ನು ಅಳೆದೆವೆಂದು ಹೇಳಲು ಆಧಾರವಿಲ್ಲ. ಕಾನೂನು ಮತ್ತು ತರ್ಕ ವಿಭಾಗಗಳ ಗದ್ಯಭಾಗಗಳನ್ನಾದರೂ ಇಂಗ್ಲಿಷಿನ ಪಕ್ಕದಲ್ಲಿ ಕನ್ನಡದಲ್ಲೂ ಮುದ್ರಿಸಬೇಕೆಂದು ರಾಜ್ಯ ಸರ್ಕಾರ ಒಕ್ಕೂಟವನ್ನು ಒತ್ತಾಯಿಸಬೇಕು, ಮತ್ತು ಪ್ರತಿ ಜಿಲ್ಲೆಯ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಾದರೂ ಪ್ರಥಮ ಪಿಯುಸಿಯಿಂದಲೇ ಈ ಪರೀಕ್ಷೆಗೆ ಉಚಿತ ತರಗತಿಗಳನ್ನು ತೆರೆಯಬೇಕು.