ಕರುಳಿಗೆ ಕರೆ ಕಳಿಸುವವರಾರು?

ರಾಜಾಜಿನಗರದ್ದೋ ವಿಜಯನಗರದ್ದೋ ಯಾವುದಾದರೂ ದರ್ಶಿನಿಯ ಮುಂದೆ ಬೆಳಿಗ್ಗೆ ಆರೂವರೆಗೆ ನಿಂತು ನೋಡಿ. ವಾಯುಸೇವನೆ ಮುಗಿಸಿ ಬಂದ ಹಿರಿಯರು ಕಾಫಿ ಹೀರಿ, ರಾಜಕೀಯದ ಮಾತನ್ನು ಅರ್ಧಕ್ಕೇ ಬಿಟ್ಟು, ಮನೆಯತ್ತ ಬಿರುಸಿನ ಹೆಜ್ಜೆ ಹಾಕುವುದುಂಟು. ಏಕೆಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆಯೇ ಅದು. ಕಾಫಿ ಇಳಿದದ್ದು ಜಠರಕ್ಕೆ. ದೊಡ್ಡಕರುಳಿನ ತುದಿ ಅಲ್ಲಿಂದ ಸುಮಾರು 20 ಅಡಿಯ ಸುರುಳಿ ದಾರಿ. 1990ರಲ್ಲಿ ಇಂಗ್ಲೆಂಡಿನ ಸಂಶೋಧಕರು ಅಳೆದಾಗ, ಕಾಫಿ ಕುಡಿದ 4 ನಿಮಿಷದೊಳಗೆ ಆ ತುದಿ ಮಿಸುಕತೊಡಗಿತ್ತು. ಎಲ್ಲರಲ್ಲೂ ಅಲ್ಲ, ಅವರು ವಿಚಾರಿಸಿದ 99 ಮಂದಿಯಲ್ಲಿ ಶೇ 29ರಷ್ಟು ಜನ ಮಾತ್ರ ತಮಗೆ ಹೀಗಾಗುತ್ತದೆ ಎಂದಿದ್ದರು. ಕೆಫೀನ್ ತೆಗೆದ ಕಾಫಿಗೂ ಅದೇ ಫಲ, ಬರಿಯ ಬಿಸಿನೀರಿಗೆ ಇಲ್ಲ. ಅಂದರೆ ಕಾಫಿಗಿಂತ ಮೊದಲೇ ಅದರ ಸುದ್ದಿ ತಲುಪಿತ್ತು.

ಸುದ್ದಿ ಒಯ್ಯುವುದು ನರಗಳೇ ಎಂದು ರಷ್ಯದ ಪಾವ್ಲೋವ್ ನಂಬಿದ್ದರು, ಜಗತ್ತೂ ನಂಬಿತ್ತು. 1902ರ ಜನವರಿಯಲ್ಲಿ ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಭಾವಮೈದುನರು ಇದನ್ನು ಪರೀಕ್ಷಿಸಿದರು. ಅರಿವಳಿಕೆ ಕೊಟ್ಟ ನಾಯಿಯ ಸಣ್ಣಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ರಕ್ತನಾಳಗಳನ್ನಷ್ಟೇ ಉಳಿಸಿ, ಒಳಗೆ ಆಮ್ಲ ಹಾಕಿದರು. ಮೇದೋಜೀರಕ ಗ್ರಂಥಿ ಎಂದಿನಂತೆ ರಸ ಸುರಿಸಿತು! ಕರುಳಿನ ಒಳಪದರವನ್ನು ಕೆರೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದಾಗಲೂ ಅದೇ ಆಯಿತು. ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ರಸದೂತಗಳಿಗೆಲ್ಲ ‘ಹಾರ್ಮೋನು’ ಎಂಬ ಪದವನ್ನು ಬಳಕೆಗೆ ತಂದರು. ಎಬ್ಬಿಸು, ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ಇಂದು ಥೈರಾಯ್ಡ್, ಇನ್ಸುಲಿನ್ ಎಂದು ಮನೆಮಾತಾಗಿರುವ ವಿದ್ಯೆಗೆ ಹೆಸರು ಬಂದದ್ದು ಕರುಳಿನ ದೆಸೆಯಿಂದ. (ನಾಯಿಗಳು ತೆತ್ತ ಬೆಲೆಯ ಬಗ್ಗೆ 1903ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗಲಾಟೆಯೇ ನಡೆದು, ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ಪ್ರಶ್ನೆ ಮಾತ್ರ ಉಳಿಯಿತು.)

ದೊಡ್ಡಕರುಳಿನ ವಿಷಯದಲ್ಲಿ ನರ, ಹಾರ್ಮೋನು ಎರಡೂ ಪಾಲುದಾರರು. ಹೊಟ್ಟೆಗೆ ಆಹಾರ ಬಿದ್ದೊಡನೆ ಗ್ಯಾಸ್ಟ್ರಿನ್, ಜಿಡ್ಡಿನ ಅಂಶಕ್ಕೆ ಕೊಲೆಸಿಸ್ಟೊಕೈನಿನ್ ರಕ್ತಕ್ಕೆ ಸೇರುತ್ತವೆ. ನರಗಳೂ ಜೊತೆಗೂಡಿ ದೊಡ್ಡಕರುಳಿನ ಸ್ನಾಯುಗಳನ್ನು ಎಚ್ಚರಿಸುತ್ತವೆ. ಯಾರ ಪಾಲು ಎಷ್ಟೆಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಸ್ಥಳೀಯ ಕೆಲಸ ಸೆರಟೋನಿನ್‌ನದು. ಇಟಲಿಯ ಎರ್ಸ್ಪಾಮರ್ 1930ರ ದಶಕದಲ್ಲೇ ಇದನ್ನು ಕರುಳಿನಲ್ಲಿ ಕಂಡಿದ್ದರು. ಮನಸ್ಸಿನ ರಾಸಾಯನಿಕವೆಂದು ನಾವು ಕೇಳುವ ಇದರ ಶೇ 90ರಷ್ಟು ಇರುವುದು ಕರುಳಿನಲ್ಲೇ! ಒಳಗಿನ ಒತ್ತಡ ತಿಳಿದೊಡನೆ ಒಳಪದರದ ಕೋಶಗಳು ಅದನ್ನು ಹೊರಬಿಡುತ್ತವೆ; ಹಿಂದಿನ ಸ್ನಾಯು ಹಿಂಡುತ್ತದೆ, ಮುಂದಿನದು ಸಡಿಲವಾಗಿ ದಾರಿ ಬಿಡುತ್ತದೆ. ಈ ನಿಯಮವನ್ನು 1899ರಲ್ಲಿ ವಿವರಿಸಿದವರೂ ಅದೇ ಬೇಲಿಸ್, ಸ್ಟಾರ್ಲಿಂಗ್. ವೇಗ ತಗ್ಗಿಸಲು ಪೆಪ್ಟೈಡ್ ವೈವೈ ಎಂಬ ಇನ್ನೊಂದು ಹಾರ್ಮೋನು ಬ್ರೇಕಿನಂತಿದೆ.

ರಾತ್ರಿ ಬಹುಮಟ್ಟಿಗೆ ಸುಮ್ಮನಿರುವ ದೊಡ್ಡಕರುಳು ಎದ್ದೊಡನೆ, ಉಂಡೊಡನೆ ಚುರುಕಾಗುತ್ತದೆ. ಅದೇ ಹೊತ್ತಿಗೆ ಕೆಂಗೇರಿಯಿಂದ ಬಸ್ಸು ಹಿಡಿಯಬೇಕಾದವರು ಏನು ಮಾಡಬೇಕು? ನಸುಕಿನಲ್ಲೇ ಬೀದಿಗಿಳಿಯುವ ಪೌರಕಾರ್ಮಿಕ ಹೆಂಗಸರು, ಸೊಪ್ಪು ಮಾರುವ ಅಜ್ಜಿಯರು ಎಲ್ಲಿಗೆ ಹೋಗಬೇಕು? ತಡೆದುಕೊಳ್ಳುತ್ತಾರೆ. ತಡೆದಷ್ಟೂ ದೊಡ್ಡಕರುಳು ನೀರು ಹೀರಿ ಮಲ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ತಡೆದರೆ ಕರೆಯೇ ಮಂಕಾಗಬಹುದು. ಆಮೇಲೆ ಭೇದಿಮಾತ್ರೆ. ಚರಕಸಂಹಿತೆ ಇಂಥ ವೇಗಗಳನ್ನು ತಡೆಯಬಾರದೆಂಬ ವಿಷಯಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದೆ, ಸೂತ್ರಸ್ಥಾನದ 7ನೆಯದು. ಬೀದಿಯಲ್ಲಿ ದುಡಿಯುವ ಹೆಂಗಸಿಗೆ ಅದನ್ನು ಪಾಲಿಸಬೇಕೆಂದರೆ ಹತ್ತಿರದಲ್ಲಿ ಬಾಗಿಲು ತೆರೆದ, ನೀರಿರುವ ಒಂದು ಶೌಚಾಲಯ ಬೇಕು.