ಕಾವು ಕೋಳಿ

ತತ್ತಿ ಇಡುವುದನ್ನು ನಿಲ್ಲಿಸಿ, ಇಟ್ಟ ತತ್ತಿಗಳ ಮೇಲೆ ಎಡೆಬಿಡದೆ ಕುಳಿತು ತನ್ನ ಮೈಯ ಬಿಸಿಯಿಂದ ಮರಿ ಮಾಡುವ ಹೆಣ್ಣುಕೋಳಿಯನ್ನು ಕಾವು ಕೋಳಿ ಎನ್ನುತ್ತಾರೆ. ಹೇಂಟೆಯು ಈ ಸ್ಥಿತಿಗೆ ತಲುಪುವುದನ್ನು ‘ಕಾವಿಗೆ ಬರುವುದು’ ಎಂದೂ, ಅದಕ್ಕೆ ತತ್ತಿ ಇಟ್ಟು ಕೂಡಿಸುವುದನ್ನು ‘ಕಾವಿಗೆ ಕೂಡಿಸುವುದು’ ಎಂದೂ ಹೇಳುತ್ತಾರೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳಂತಹ ಒಣಹವೆಯ ಪ್ರದೇಶದಲ್ಲಿ ಹಿತ್ತಲ ಕೋಳಿ ಸಾಕುವವರಿಗೆ ಖರ್ಚಿಲ್ಲದೆ ಮರಿ ಪಡೆಯುವ ದಾರಿ ಇದು. ಆದರೆ ಅಕಾಲದಲ್ಲಿ ಕಾವಿಗೆ ಬಂದ ಕೋಳಿಯಿಂದ ತತ್ತಿಯೂ ಇಲ್ಲ, ಮರಿಯೂ ಇಲ್ಲ. ಆದ್ದರಿಂದ ಕೂಡಿಸಬೇಕೋ ಬಿಡಿಸಬೇಕೋ ಎಂಬುದನ್ನು ಮೊದಲ ಎರಡು ಮೂರು ದಿನಗಳಲ್ಲಿಯೇ ತೀರ್ಮಾನಿಸುವುದು ಒಳ್ಳೆಯದು.

ಲಕ್ಷಣಗಳು

ಕಾವಿಗೆ ಬಂದ ಕೋಳಿ ಹಗಲಿರುಳು ಗೂಡು ಬಿಡುವುದಿಲ್ಲ. ಹತ್ತಿರ ಹೋದರೆ ಪುಕ್ಕ ಕೆದರಿ, ಮೈ ಹಿಗ್ಗಿಸಿ, ಗೊಗ್ಗರು ದನಿ ಮಾಡುತ್ತದೆ. ಕೈ ಚಾಚಿದರೆ ಕುಕ್ಕುತ್ತದೆ. ಎದೆಯ ಪುಕ್ಕ ಉದುರಿ ಬೆಚ್ಚನೆಯ ಬರಿ ಚರ್ಮ ತತ್ತಿಗೆ ತಾಗುವಂತಾಗುತ್ತದೆ. ಜುಟ್ಟಿನ ಕೆಂಪು ಮಾಸುತ್ತದೆ. ದಿನಕ್ಕೆ ಒಮ್ಮೆ ಮಾತ್ರ ಹೊರಗೆ ಬಂದು, ಅವಸರದಲ್ಲಿ ಕಾಳು ತಿಂದು, ನೀರು ಕುಡಿದು, ದೊಡ್ಡದಾದ ದುರ್ವಾಸನೆಯ ಹಿಕ್ಕೆ ಹಾಕಿ ಮರಳುತ್ತದೆ. ಇದನ್ನು ಕಂಡು ರೋಗವೆಂದು ಗಾಬರಿಯಾಗಬೇಕಿಲ್ಲ. ರೋಗದ ಕೋಳಿ ಎತ್ತಿದರೆ ಸುಮ್ಮನಿರುತ್ತದೆ, ಕಾವಿನ ಕೋಳಿ ಪ್ರತಿಭಟಿಸುತ್ತದೆ. ಸತತ ಎರಡು ರಾತ್ರಿ ಗೂಡಿನಲ್ಲಿಯೇ ಕಳೆದರೆ ಕಾವು ಖಚಿತವೆನ್ನಬಹುದು.

ಕಾರಣ

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಇದಕ್ಕೆ ಮೂಲ. ಗೂಡಿನಲ್ಲಿ ತತ್ತಿಗಳು ಗುಂಪಾಗಿ ಉಳಿದು ಕೋಳಿಯ ಎದೆಗೆ ತಾಗುತ್ತಿದ್ದರೆ ಈ ಸ್ರಾವ ಹೆಚ್ಚುತ್ತದೆ. ಅದು ಹೆಚ್ಚಿದಂತೆ ಅಂಡಾಶಯ ಕುಗ್ಗಿ ತತ್ತಿ ನಿಲ್ಲುತ್ತದೆ. ಪ್ರತಿದಿನ ತತ್ತಿ ತೆಗೆದುಕೊಳ್ಳುವ ಮನೆಗಳಲ್ಲಿ ಕೋಳಿ ಕಾವಿಗೆ ಬರುವುದು ತಡವಾಗುವುದು ಈ ಕಾರಣದಿಂದಲೇ.

ಎಲ್ಲ ತಳಿಗಳಿಗೂ ಈ ಗುಣ ಸಮನಾಗಿಲ್ಲ. ನಾಟಿ ಕೋಳಿ ಮತ್ತು ಅಸೀಲ್ ತಳಿಯ ಹೇಂಟೆಗಳು ಉತ್ತಮ ತಾಯಂದಿರು. ಕಡಕನಾಥದಲ್ಲಿ ಈ ಗುಣ ಕಡಿಮೆ. ತತ್ತಿಗಾಗಿಯೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ಬಿಳಿ ಲೆಗ್‌ಹಾರ್ನ್ ಕಾವನ್ನು ಬಹುಮಟ್ಟಿಗೆ ಮರೆತೇ ಬಿಟ್ಟಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಹಿತ್ತಲಿಗೆ ಹೊಂದಿಕೊಂಡರೂ ಕಾವಿಗೆ ಕೂಡುವುದಿಲ್ಲ. ಅಂಥ ತತ್ತಿಗಳಿಂದ ಮರಿ ಬೇಕೆಂದರೆ ಒಂದು ನಾಟಿ ಹೇಂಟೆಯನ್ನು ಆಶ್ರಯಿಸಬೇಕಾಗುತ್ತದೆ.

ಕಾವಿಗೆ ಕೂಡಿಸುವುದು

ಹುಂಜದೊಡನೆ ಬೆರೆತ ಹೇಂಟೆಯ ತತ್ತಿಯಷ್ಟೇ ಮರಿಯಾಗುತ್ತದೆ. ಅಂಗಡಿಯ ಫಾರ್ಮ್ ತತ್ತಿ ಇಟ್ಟು ಇಪ್ಪತ್ತೊಂದು ದಿನ ಕಾದು ನಿರಾಶರಾದವರು ಕಡಿಮೆಯಿಲ್ಲ. ಬಿರುಕಿಲ್ಲದ, ಮಧ್ಯಮ ಗಾತ್ರದ, ಕೊಳೆಯಿಲ್ಲದ 10ರಿಂದ 12 ತತ್ತಿ ಒಂದು ನಾಟಿ ಕೋಳಿಗೆ ಸಾಕು. ಹೆಚ್ಚಿಟ್ಟರೆ ಅಂಚಿನ ತತ್ತಿಗಳಿಗೆ ಬಿಸಿ ತಲುಪದೆ ಎಲ್ಲವೂ ಸರದಿಯಂತೆ ಕೆಡುತ್ತವೆ.

ಈ ಪ್ರದೇಶದಲ್ಲಿ ಬಹುಪಾಲು ಸೋಲು ನಡೆಯುವುದು ತತ್ತಿಯನ್ನು ಕೂಡಿಡುವ ಹಂತದಲ್ಲಿ. ತತ್ತಿಯೊಳಗಿನ ಭ್ರೂಣವು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ನಿಧಾನವಾಗಿ ಬೆಳೆಯತೊಡಗುತ್ತದೆ. ಪೂರ್ಣ ಬೆಳವಣಿಗೆಗೆ ಬೇಕಾದುದು 37.5 ಡಿಗ್ರಿಯ ಸ್ಥಿರ ಶಾಖ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ, ತಗಡಿನ ಚಾವಣಿಯ ಕೋಣೆಯಲ್ಲಿಟ್ಟ ತತ್ತಿ ಕೋಳಿಯ ಕೆಳಗೆ ಹೋಗುವ ಮೊದಲೇ ಅರೆಬರೆ ಬೆಳೆದು ಸಾಯುತ್ತದೆ. ಹೊರಗೆ ನೋಡಿದರೆ ಅದು ಒಳ್ಳೆಯ ತತ್ತಿಯಂತೆಯೇ ಕಾಣುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ನಾಲ್ಕು ದಿನಗಳಿಗಿಂತ, ಉಳಿದ ಕಾಲದಲ್ಲಿ ಒಂದು ವಾರಕ್ಕಿಂತ ಹಳೆಯ ತತ್ತಿ ಇಡಬಾರದು. ಇಡುವವರೆಗೂ ಮಣ್ಣಿನ ಮಡಕೆಯಲ್ಲಿ, ಮಾಳಿಗೆ ಮನೆಯ ತಂಪು ಮೂಲೆಯಲ್ಲಿ ಇರಿಸಬೇಕು. ಸಾಧ್ಯವಾದರೆ ಮಾರ್ಚಿಯಿಂದ ಮೇ ವರೆಗೆ ಕೂಡಿಸದಿರುವುದೇ ಲೇಸು. ಮಳೆಗಾಲದ ಕೊನೆ ಮತ್ತು ಚಳಿಗಾಲ ಪ್ರಶಸ್ತ.

ಗೂಡಿಗೆ ಅಗಲ ಬಾಯಿಯ ಬುಟ್ಟಿ ಸಾಕು. ತಳಕ್ಕೆ ಸ್ವಲ್ಪ ಮರಳು, ಅದರ ಮೇಲೆ ಒಣಗಿದ ಜೋಳದ ಕಣಿಕಿಯ ಸೋಗೆ ಅಥವಾ ಕಬ್ಬಿನ ರವದಿ ಹಾಸಿ ನಡುವೆ ತಗ್ಗು ಮಾಡಬೇಕು. ಹಾಸಿನಡಿ ಬೂದಿ, ಬೇವಿನೆಲೆ ಇಟ್ಟರೆ ಹೇನಿನ ಕಾಟ ಕಡಿಮೆಯಾಗುತ್ತದೆ. ಹೇನು ಹತ್ತಿದ ಕೋಳಿ ತತ್ತಿ ಬಿಟ್ಟು ಏಳುವುದುಂಟು. ನಾಯಿ, ಬೆಕ್ಕು, ಮುಂಗುಸಿ ಹಾಗೂ ಹಾವುಗಳಿಂದ ರಕ್ಷಣೆ ಬೇಕು. ಬೇಟೆನಾಯಿಗೆ ಹೆಸರಾದ ಮುಧೋಳದಲ್ಲಿ ಈ ಮಾತನ್ನು ಒತ್ತಿ ಹೇಳಬೇಕಿಲ್ಲ. ಕತ್ತಲಾದ ಮೇಲೆ ತತ್ತಿ ಇಟ್ಟು ಕೂಡಿಸಿದರೆ ಕೋಳಿ ಹೊಸ ಗೂಡನ್ನು ಬೇಗ ಒಪ್ಪುತ್ತದೆ. ತತ್ತಿಗಳ ಮೇಲೆ ಸೀಸದಕಡ್ಡಿಯಿಂದ ಗುರುತು ಹಾಕಿದರೆ ಬೇರೆ ಕೋಳಿ ಬಂದು ಇಟ್ಟ ತತ್ತಿಯನ್ನು ಗುರುತಿಸಿ ತೆಗೆಯಬಹುದು. ಇಡೀ ಜೋಳ ಅಥವಾ ಗೋವಿನಜೋಳ ಮತ್ತು ತಣ್ಣೀರು ಸಮೀಪದಲ್ಲಿರಲಿ.

ಏಳನೆಯ ದಿನ ರಾತ್ರಿ ಕತ್ತಲ ಕೋಣೆಯಲ್ಲಿ ಬ್ಯಾಟರಿ ಬೆಳಕಿಗೆ ತತ್ತಿ ಹಿಡಿದು ನೋಡಬಹುದು. ಜೇಡರ ಬಲೆಯಂತೆ ಕೆಂಪು ನರಗಳು ಕಂಡರೆ ಜೀವವಿದೆ. ಪೂರ್ತಿ ತಿಳಿಯಾಗಿದ್ದರೆ ಬಂಜೆ ತತ್ತಿ. ರಕ್ತದ ಉಂಗುರವಷ್ಟೇ ಕಂಡರೆ ಭ್ರೂಣ ಸತ್ತಿದೆ. ಮಕ್ಕಳಿಗೆ ಜೀವಶಾಸ್ತ್ರವನ್ನು ಕಲಿಸಲು ಇದಕ್ಕಿಂತ ಸುಲಭದ ಪಾಠ ಇನ್ನೊಂದಿಲ್ಲ. 18ನೆಯ ದಿನದ ನಂತರ ಮುಟ್ಟಬಾರದು. 21ನೆಯ ದಿನದ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ. ಬಾತು, ಟರ್ಕಿ ತತ್ತಿಗಳನ್ನು ಕೋಳಿಯ ಕೆಳಗಿಟ್ಟರೆ ಸುಮಾರು 28 ದಿನ ಬೇಕು.

ಕಾವು ಬಿಡಿಸುವುದು

ನಾಟಿ ಹೇಂಟೆ ವರ್ಷಕ್ಕೆ ಇಡುವುದು ಹೆಚ್ಚುಕಡಿಮೆ ಐವತ್ತು ಅರವತ್ತು ತತ್ತಿ. ಕಾವು ಮತ್ತು ಮರಿ ಸಾಕುವ ಅವಧಿ ಸೇರಿ ಒಮ್ಮೆಗೆ ಎರಡು ಮೂರು ತಿಂಗಳು ಕಳೆಯುವುದರಿಂದ, ಮರಿ ಬೇಡವಾದಾಗ ಕಾವು ಬಿಡಿಸಿದರೆ ತತ್ತಿಯ ಲಾಭವಿದೆ. ತಳಕ್ಕೆ ತಂತಿಯ ಜಾಲರಿಯಿರುವ ಪಂಜರವನ್ನು ನೆಲದಿಂದ ಎತ್ತರಿಸಿ, ಹಾಸಿಲ್ಲದೆ, ಗಾಳಿ ಬೆಳಕು ಬರುವ ನೆರಳಿನಲ್ಲಿಟ್ಟು, ಅದರಲ್ಲಿ ಕೋಳಿಯನ್ನು ಮೂರು ನಾಲ್ಕು ದಿನ ಇರಿಸುವುದು ಉತ್ತಮ ವಿಧಾನ. ಹೊಟ್ಟೆಗೆ ಕೆಳಗಿನಿಂದ ತಂಪು ಗಾಳಿ ತಾಗಿ ಕಾವು ಇಳಿಯುತ್ತದೆ. ಕಾಳು, ನೀರು ಎಂದಿನಂತೆ ಕೊಡಬೇಕು. ಬಿಟ್ಟ ಮೇಲೂ ಗೂಡಿಗೆ ಓಡಿದರೆ ಇನ್ನೆರಡು ದಿನ ಇಡಬೇಕು. ಬೇಗ ಬಿಡಿಸಿದ ಕೋಳಿ ಸುಮಾರು ಎರಡು ವಾರಗಳಲ್ಲಿ ಮತ್ತೆ ತತ್ತಿಗೆ ಬರುತ್ತದೆ.

ನೀರಿನಲ್ಲಿ ಮುಳುಗಿಸುವುದು, ಕಾಲು ಕಟ್ಟುವುದು, ಮೂಗಿನ ಹೊಳ್ಳೆಗೆ ಗರಿ ತೂರಿಸುವುದು ಮುಂತಾದ ಹಳೆಯ ಪದ್ಧತಿಗಳು ದೇಶದ ಹಲವೆಡೆ ಇವೆ. ಗರಿ ತೂರಿಸಿದರೆ ಗಾಯವಾಗಿ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಅನ್ನನೀರು ತಪ್ಪಿಸುವುದು ಬೇಸಿಗೆಯಲ್ಲಿ ಕೋಳಿಯ ಪ್ರಾಣಕ್ಕೇ ಎರವಾದೀತು. ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ನಿಷೇಧಿಸುತ್ತದೆ.

ಮರಿಗಳ ಆರೈಕೆ

ಹೊಟ್ಟೆಯೊಳಗೆ ಉಳಿದ ಭಂಡಾರದ ಬಲದಿಂದ ಮರಿ ಮೊದಲ ದಿನ ಆಹಾರವಿಲ್ಲದೆ ಇರಬಲ್ಲದು. ಒಂದು ಮರಿ ಹೊರಬಂದ ಕೂಡಲೇ ತಾಯಿಯನ್ನು ಎಬ್ಬಿಸಿ ಕಾಳು ಹಾಕುವ ಅವಸರ ಬೇಡ, ಉಳಿದ ತತ್ತಿಗಳು ತಣ್ಣಗಾಗುತ್ತವೆ. ನಂತರ ಸಣ್ಣ ನುಚ್ಚು, ಆಳವಿಲ್ಲದ ತಟ್ಟೆಯಲ್ಲಿ ನೀರು ಕೊಡಬೇಕು. ಹಿತ್ತಲ ಕೋಳಿಗಳನ್ನು ಒಮ್ಮೆಗೇ ನಾಶಮಾಡುವ ರಾಣಿಖೇತ್ ರೋಗಕ್ಕೆ ಮೊದಲ ವಾರದಲ್ಲಿ ಲಸಿಕೆಯ ಹನಿ ಹಾಕಿಸಬೇಕು. ಪಶು ಆಸ್ಪತ್ರೆಯಲ್ಲಿ ವಿಚಾರಿಸುವುದು ಸೂಕ್ತ. ತಾಯಿಕೋಳಿ ಆರರಿಂದ ಎಂಟು ವಾರ ಮರಿಗಳನ್ನು ರೆಕ್ಕೆಯಡಿಯಲ್ಲಿ ಕಾಪಾಡಿ, ಬಳಿಕ ತಾನೇ ಕುಕ್ಕಿ ದೂರ ಮಾಡುತ್ತದೆ. ಆಮೇಲೆ ಜುಟ್ಟಿಗೆ ಮತ್ತೆ ಕೆಂಪು ಬಂದು ತತ್ತಿ ಇಡತೊಡಗುತ್ತದೆ.