ಫರೂಖಾಬಾದು: ಕಟ್ಟದೆ ಉಳಿದ ಒಂದು ನದೀತೀರದ ನಗರ

ಉಜಿರೆಯ ನೆರೆಯಲ್ಲಿ, ಬೆಳ್ತಂಗಡಿಗೆ ಉತ್ತರದಲ್ಲಿ ಒಂಟಿಯಾಗಿ ಎದ್ದಿರುವ ಗಡಾಯಿಕಲ್ಲನ್ನು ಬಲ್ಲವರು ಅದರ ಮೇಲಿನ ಜಮಾಲಾಬಾದಿನ ಕೋಟೆಯನ್ನೂ ಬಲ್ಲರು. ಟಿಪ್ಪು ಸುಲ್ತಾನನು ತನ್ನ ತಾಯಿಯ ಹೆಸರನ್ನು ಅದಕ್ಕೆ ಇಟ್ಟನೆಂಬುದು ರೂಢಿಯ ಮಾತು; ಆಕೆಯ ಹೆಸರು ಫಾತಿಮಾ ಫಖ್ರುನ್ನಿಸಾ ಎಂದಾದುದರಿಂದ ಇದನ್ನು ಒಪ್ಪುವುದು ಕಷ್ಟ. ಅದಕ್ಕೆ ಮೊದಲು ಆ ಸ್ಥಳವು ನರಸಿಂಹಂಗಡಿ ಎನಿಸಿಕೊಂಡಿದ್ದಿತು. ಇಲ್ಲಿ ವಿಚಾರಣೀಯವಾದುದು ಹೊಸ ಹೆಸರಿನ ಉತ್ತರಪದ. ‘ಆಬಾದ್’ ಎಂದರೆ ಪಾರಸೀಕದಲ್ಲಿ ಜನವಸತಿಯುಳ್ಳದ್ದು. ಇಂತಹ ಹೆಸರು ಬಿದ್ದೆಡೆಯಲ್ಲೆಲ್ಲ ನಗರವೂ ಇದ್ದಿತೆಂದು ಚರಿತ್ರಕಾರನು ಭಾವಿಸಬಹುದೆ?

ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ ಸುಲ್ತಾನನು ತೊಡಗಿದ ನಜರಬಾದು ಪೂರೈಸಲಿಲ್ಲ. 1799ರ ಬಳಿಕ ಅದರ ಕಲ್ಲುಗಳೇ ಮರಳಿ ಮೈಸೂರಿಗೆ ಬಂದುವು. ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಕೊಡುವುದು ಕಲ್ಲಿಕೋಟೆಗೆ ದಕ್ಷಿಣದಲ್ಲಿ, ಬೇಪೂರು ಹೊಳೆಯ ತೆಂಕಣ ದಡದಲ್ಲಿ ಅವನು ಸಂಕಲ್ಪಿಸಿದ ಫರೂಖಾಬಾದು.

1788ರಲ್ಲಿ ಮಲೆಯಾಳಕ್ಕೆ ಬಂದ ಸುಲ್ತಾನನು ಆ ಪ್ರಾಂತದ ರಾಜಧಾನಿಯನ್ನು ಅಲ್ಲಿಗೆ ಒಯ್ಯಬೇಕೆಂದು ನಿಶ್ಚಯಿಸಿದನು. ಸ್ಥಳದ ಆಯ್ಕೆಯಲ್ಲಿ ತಪ್ಪೇನೂ ಕಾಣದು. ಕಲ್ಲಿಕೋಟೆಯದು ಬಯಲು ಕಡಲು. ಮಳೆಗಾಲದಲ್ಲಿ ಹಡಗಿಗೆ ಆಸರೆಯಿಲ್ಲ. ಹೊಳೆಯ ಬಾಯಿಯಲ್ಲಾದರೋ ಸಣ್ಣ ನಾವೆಗಳಿಗೆ ಆಶ್ರಯವುಂಟು, ದಡದ ಗುಡ್ಡವು ಕೋಟೆಗೆ ಅನುಕೂಲ. ತಪ್ಪಿದ್ದುದು ಜನರನ್ನು ತಂದ ರೀತಿಯಲ್ಲಿ. 1800-01ರಲ್ಲಿ ಆ ಸೀಮೆಯನ್ನು ಸುತ್ತಿದ ಬುಕಾನನ್ನನು ಬರೆದಿರುವಂತೆ, ಕಲ್ಲಿಕೋಟೆಯನ್ನು ಹಾಳುಗೆಡವಿ ಅಲ್ಲಿಯ ನಿವಾಸಿಗಳನ್ನು ಬಲಾತ್ಕಾರದಿಂದ ಹೊಸ ಊರಿಗೆ ಸಾಗಿಸಲಾಯಿತು. 15 ತಿಂಗಳ ಮೇಲೆ ಪ್ರಾಂತವು ಆಂಗ್ಲರ ಕೈಸೇರಲು, ಅವರು ಸಂತೋಷದಿಂದ ಹಳೆಯ ಊರಿಗೆ ಹಿಂದಿರುಗಿದರು. ಬುಕಾನನ್ನನು ಗೆದ್ದವರ ಕಡೆಯವನೆಂಬುದನ್ನು ಮರೆಯಲಾಗದು. ಆ ‘ಸಂತೋಷ’ವನ್ನು ತುಸು ತೂಗಿಯೇ ತೆಗೆದುಕೊಳ್ಳಬೇಕು. ಕಾಲಗಣನೆಯಾದರೂ ಉಪಯುಕ್ತ. ತಿರೂರಂಗಾಡಿಯ ಕಾಳಗದಲ್ಲಿ ಕರ್ನಲ್ ಹಾರ್ಟ್ಲಿಯು ಗೆದ್ದುದು 1790ರ ಡಿಸೆಂಬರಿನಲ್ಲಿ. ಅಲ್ಲಿಂದ 15 ತಿಂಗಳು ಹಿಂದಕ್ಕೆ ಎಣಿಸಿದರೆ 1789ರ ಶರತ್ಕಾಲ. ಅಂದರೆ ಸಂಕಲ್ಪಕ್ಕೂ ವಸತಿಗೂ ನಡುವೆ ವರುಷಕ್ಕೆ ಮಿಕ್ಕ ಅಂತರ. ಜನರು ಅಲ್ಲಿ ನೆಲೆಸಿದ್ದುದು ಒಂದೇ ಮಳೆಗಾಲ.

ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. ಬಂಟ್ವಾಳವನ್ನು ಯಾವ ಅರಸನೂ ರಾಜಧಾನಿಯಾಗಿ ಸಂಕಲ್ಪಿಸಲಿಲ್ಲ; ಮಂಗಳೂರಿನಿಂದ ನೇತ್ರಾವತಿಯಲ್ಲಿ ಏರಿಬರುವ ದೋಣಿಗಳೂ ಘಟ್ಟದಿಂದ ಇಳಿದುಬರುವ ಸರಕೂ ಸಂಧಿಸಿದ್ದರಿಂದ ಅದು ಪೇಟೆಯಾಯಿತು. ತುಳುನಾಡಿನ ‘ಅಂಗಡಿ’ ಎಂಬ ಉತ್ತರಪದವು ಇಂತಹ ವ್ಯಾಪಾರದ ಸಾಕ್ಷಿ. ‘ಆಬಾದ್’ ಎಂಬುದು ರಾಜಾಜ್ಞೆಯ ಸಾಕ್ಷಿ. ಎರಡನ್ನೂ ಒಂದೇ ಬೆಲೆಗೆ ಎಣಿಸುವುದರಿಂದ ನಮ್ಮ ಸ್ಥಳನಾಮವಿಚಾರದಲ್ಲಿ ಪ್ರಮಾದವುಂಟಾಗುತ್ತಿದೆಯೆಂದು ನಮಗೆ ತೋರುತ್ತದೆ.

ಪಾರಮುಕ್ಕಿನ ಗುಡ್ಡದಲ್ಲಿ ಕೋಟೆಯ ಅವಶೇಷಗಳೂ ಒಂದು ದೊಡ್ಡ ಬಾವಿಯೂ ಈಗಲೂ ಉಂಟು. ಹೆಸರು ‘ಫೆರೋಕ್’ ಎಂದು ಸವೆದು ನಿಂತಿದೆ. ಆ ಹೆಸರಿನ ಊರು ಬೆಳೆದುದು ಬಹಳ ತರುವಾಯ, ರೈಲುದಾರಿಯಿಂದಲೂ ಹೆಂಚಿನ ಕಾರ್ಖಾನೆಗಳಿಂದಲೂ. ಆ ಹೆಂಚಿನ ಉದ್ಯಮವು 1865ರಲ್ಲಿ ಮೊದಲಾದುದು ನಮ್ಮ ಮಂಗಳೂರಿನಲ್ಲಿ.